ಮುಟ್ಟಿನೋಡು ಡಾಟ್ ಇಯು

ಬೆಳ್ತಂಗಡಿ
3 ಮಾರ್ಚ್ 2025

ಪ್ರೀತಿಯ ಶಶಿ,

ಫೋನಿನಲ್ಲಿ ನಿನ್ನ ವಾರ್ಡಿನ ಗಂಟೆ ಬಾರಿಸಿದ ಕೂಡಲೇ ನಮ್ಮ ಮಾತು ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಇಮೇಲಿನಲ್ಲೇ ಬರೆಯುತ್ತಿದ್ದೇನೆ, ನಿಮಗೆ ತರಗತಿಯಲ್ಲಿ ಹೇಳಿಕೊಟ್ಟ ಹಾಗೆ ಊರು, ತಾರೀಕು ಹಾಕಿ.

ಮೊದಲು ಒಳ್ಳೆಯ ಸುದ್ದಿ. ನಿನ್ನೆಗೆ ನಮ್ಮ ಬಟ್ಟೆಯ ಪುಸ್ತಕ ಸಾವಿರದ ಮುನ್ನೂರ ನಲವತ್ತು ಆಯಿತು. ಇದು ಪೋರ್ಚುಗಲ್ಲಿನ ಒಂದು ಅಂಧ ಮಕ್ಕಳ ಶಾಲೆಗೆ. ಮೈಮೂನಮ್ಮ ಕೊನೆಯ ಪುಟದ ಮಣಿ ಹೊಲಿದು ದಾರ ಕಚ್ಚಿ ತುಂಡರಿಸಿ, "ಇದೂ ಹೋಯ್ತು ಪರದೇಶಕ್ಕೆ, ನಾವು ಮಾತ್ರ ಗುರುವಾಯನಕೆರೆ ದಾಟ್ಲಿಲ್ಲ ಟೀಚರ್" ಎಂದರು. ಹೊಲಿಯುವ ಆರೂ ಹೆಂಗಸರೊಂದಿಗೆ ನಾನೂ ನಕ್ಕೆ.

ಎಂಟು ವರ್ಷದ ಹಿಂದೆ ನೀನು ಐರ್ಲೆಂಡಿನ ಡಂಡಾಕ್‌ನಿಂದ ಬರೆದಿದ್ದೆ. ನಿನ್ನ ಕಣ್ಣಿನ ವಾರ್ಡಿನಲ್ಲಿ ಬ್ರಿಜಿಡ್ ಎಂಬವರು ದೃಷ್ಟಿ ಕಳೆದುಕೊಂಡಿದ್ದಾರೆ, ಬ್ರೈಲ್ ಕಲಿಯಲು ಬೆರಳು ಪಳಗಿಲ್ಲ, ನೀವು ಬಟ್ಟೆಯಲ್ಲಿ ಏನಾದರೂ ಮಾಡಿಕೊಡುತ್ತೀರಾ ಎಂದು. ಹೊಲಿಗೆ ಟೀಚರ್ ಆಗಿ ನಿವೃತ್ತಳಾದ ನನಗೆ ಮುಂಡಾಜೆಯ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಹನ್ನೆರಡು ಪುಟದಲ್ಲಿ ಏಡಿ, ಕೊಡೆ, ಬಸ್ಸು, ಹಲಸಿನಕಾಯಿ ಎಂದು ಹೊಲಿದು, ಕೆಳಗೆ ಮಣಿಗಳಲ್ಲಿ ಬ್ರೈಲ್ ಕೂರಿಸಿ ಕಳುಹಿಸಿದೆ. ಅದು ಹನ್ನೊಂದು ದೇಶಕ್ಕೆ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು.

ಈಗ ಕೆಲಸದ ಮಾತು. ನಮ್ಮ ವೆಬ್‌ಸೈಟನ್ನು ನೋಡಿಕೊಳ್ಳುವ ಬಿ.ಸಿ. ರೋಡಿನ ಶಮೀರ್ ಒಂದು ಕಾಗದ ತಂದಿದ್ದಾನೆ. ನಮ್ಮ 'ಮುಟ್ಟಿನೋಡು ಡಾಟ್ ಇಯು' ಎಂಬ ಹೆಸರಿನ ಅವಧಿ ಜೂನ್ ಹನ್ನೆರಡಕ್ಕೆ ಮುಗಿಯುತ್ತದೆ. ಶುಲ್ಕ ಕಟ್ಟಿದರೆ ಸಾಲದಂತೆ. ಆ 'ಇಯು' ಎಂಬ ಬಾಲ ಯೂರೋಪ್ ಒಕ್ಕೂಟದ್ದು. ಹೆಸರು ಯಾರದ್ದೋ ಅವರು ಒಕ್ಕೂಟದ ಯಾವುದಾದರೂ ದೇಶದಲ್ಲಿ ವಾಸವಿರಬೇಕು, ಇಲ್ಲವೇ ಅಲ್ಲಿಯ ಪ್ರಜೆಯಾಗಿರಬೇಕು. ಅದಕ್ಕೆ ದಾಖಲೆ ಕೇಳಿದ್ದಾರೆ. ನೋಂದಣಿ ಇರುವುದು ನಿನ್ನ ಹೆಸರಿನಲ್ಲೇ. ಡಂಡಾಕ್‌ನ ಮನೆಯ ಯಾವುದಾದರೂ ಹೊಸ ಬಿಲ್ ಕಳುಹಿಸು, ಮುಗಿಯಿತು.

ಮನೆಯಲ್ಲಿ ಲೋಕನಾಥರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ವಾಗ್ದೇವಿ ಟೀಚರ್


18 ಮಾರ್ಚ್ 2025

ಪ್ರೀತಿಯ ಟೀಚರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ವಾರ್ಡಿನಲ್ಲಿ ಇಬ್ಬರು ರಜೆಯಲ್ಲಿದ್ದಾರೆ, ಎಲ್ಲ ನನ್ನ ಮೇಲೆ ಬಿದ್ದಿದೆ. ಸಾವಿರದ ಮುನ್ನೂರ ನಲವತ್ತು ಎಂದು ಓದಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬಳೇ ನಕ್ಕೆ. ಮೈಮೂನಮ್ಮನಿಗೆ ಹೇಳಿ, ಗುರುವಾಯನಕೆರೆ ದಾಟಿದವರಿಗೂ ಅಂಥ ದೊಡ್ಡದೇನೂ ಸಿಕ್ಕಲಿಲ್ಲ ಎಂದು.

ದಾಖಲೆಯ ವಿಷಯ ನೋಡುತ್ತೇನೆ. ಇನ್ನೂ ಮೂರು ತಿಂಗಳು ಉಂಟಲ್ಲ. ನೀವು ಅದರ ಬಗ್ಗೆ ಯೋಚನೆ ಮಾಡಬೇಡಿ. ಹೆಸರು ಎಲ್ಲಿಗೂ ಹೋಗುವುದಿಲ್ಲ.

ಶಮೀರ್ ಕಳುಹಿಸಿದ ಫೋಟೋ ನೋಡಿದೆ, ಏಡಿಯ ಪುಟಕ್ಕೆ ಈ ಸಲ ಹಾಕಿದ ದಪ್ಪ ಬಟ್ಟೆ ಚೆನ್ನಾಗಿದೆ. ಕಾಲುಗಳನ್ನು ಎಣಿಸಲು ಬರುತ್ತದೆ.

ನಿಮ್ಮ
ಶಶಿಪ್ರಭಾ


ಬೆಳ್ತಂಗಡಿ
4 ಏಪ್ರಿಲ್ 2025

ಪ್ರೀತಿಯ ಶಶಿ,

ನೀನು ಯೋಚನೆ ಮಾಡಬೇಡಿ ಎಂದೆ, ನಾನು ಮಾಡಲಿಲ್ಲ. ಯೋಚನೆ ಮಾಡಿದ್ದು ಶಮೀರ್. ಎರಡನೆಯ ನೋಟೀಸೂ ಬಂದಿದೆಯಂತೆ. ಮೂಲ ಪತ್ರ ಹೋಗುವುದು ಹೆಸರು ನೋಂದಾಯಿಸುವಾಗ ನೀನು ಕೊಟ್ಟ ಇಮೇಲಿಗೆ, ಅವನಿಗೆ ಪ್ರತಿ ಮಾತ್ರ ಬರುತ್ತದೆ. ನೀನು ನೋಡಿಯೇ ಇಲ್ಲವೇ?

ನಾನು ಆ ನಿಯಮಗಳನ್ನು ಡಿಕ್ಷನರಿ ಇಟ್ಟುಕೊಂಡು ಪೂರ್ತಿ ಓದಿದೆ. ದಾಖಲೆ ಕೊಡದಿದ್ದರೆ ಮೊದಲು ಹೆಸರನ್ನು ಅಮಾನತಿನಲ್ಲಿ ಇಡುತ್ತಾರೆ. ಆಮೇಲೂ ಸರಿಯಾಗದಿದ್ದರೆ ಕಿತ್ತುಕೊಳ್ಳುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಯಾರು ಬೇಕಾದರೂ ಅದನ್ನು ತೆಗೆದುಕೊಳ್ಳಬಹುದು. ಶಮೀರ್ ಒಂದು ಕ್ಲಬ್ಬಿನ ಹಳೆಯ ವಿಳಾಸ ತೆರೆದು ತೋರಿಸಿದ. ಈಗ ಅದು ಜೂಜಾಟದ ಪುಟ.

ನಮ್ಮದು ಅಂಗಡಿಯ ಬೋರ್ಡಾಗಿದ್ದರೆ ಅಳಿಸಿ ಬೇರೆ ಬರೆಯಬಹುದಿತ್ತು. ಇದು ಸಾವಿರದ ಮುನ್ನೂರ ನಲವತ್ತು ಪುಸ್ತಕಗಳ ಕೊನೆಯ ಪುಟದಲ್ಲಿ ಮಣಿಯಲ್ಲಿ ಹೊಲಿದ ವಿಳಾಸ. ಒಂದು ಮಗು ಬೆರಳಿನಲ್ಲಿ ಅದನ್ನು ಓದಿ, ಟೈಪ್ ಮಾಡಿ, ಪುಟಗಳ ವಿವರಣೆ ಕೇಳಲು ಹೋಗುತ್ತದೆ. ಅಲ್ಲಿ ಜೂಜಿನವನು ಮಾತಾಡಿದರೆ?

ನಿನ್ನ ಹೆಸರಿನಲ್ಲಿ ಏನಾದರೂ ತೊಡಕಿದ್ದರೆ ಲೋಕನಾಥರ ಹೆಸರಿಗೆ ಮಾಡಿಬಿಡು. ಅವರು ಅಲ್ಲಿಯ ಪ್ರಜೆಯೇ ಆಗಿದ್ದಾರೆ ಎಂದು ನೀನೇ ಹೇಳಿದ್ದೆ. ಗಂಡನ ಹೆಸರಿನಲ್ಲಿದ್ದರೂ ನಿನ್ನ ಹೆಸರಿನಲ್ಲಿದ್ದರೂ ಮನೆಯೊಳಗೇ ತಾನೆ.

ಇನ್ನೊಂದು. ನಿನ್ನ ಪತ್ರದ ಮೇಲೆ ಊರಿನ ಹೆಸರಿರಲಿಲ್ಲ. ಅದಕ್ಕೆ ನಾನು ಅಂಕ ಕಳೆಯುತ್ತಿದ್ದೆ, ನೆನಪಿರಲಿ.

ವಾಗ್ದೇವಿ ಟೀಚರ್


ಬೆಳ್ತಂಗಡಿ
22 ಏಪ್ರಿಲ್ 2025

ಶಶಿಪ್ರಭಾ,

ಹದಿನೆಂಟು ದಿನವಾಯಿತು. ಉತ್ತರವಿಲ್ಲ.

ಬಿಸು ಹಬ್ಬದ ಮರುದಿನ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಹೋಗಿ, ಅಲ್ಲಿಂದ ಶಿರ್ತಾಡಿಗೆ ಇನ್ನೊಂದು ಬಸ್ಸು ಹಿಡಿದು ನಿನ್ನ ಅಮ್ಮನನ್ನು ಕಂಡೆ. ಲೋಲಾಕ್ಷಿಯಕ್ಕ ತಮ್ಮ ಕ್ಯಾಂಟೀನಿನಲ್ಲಿ ಬನ್ಸ್ ಕರಿಯುತ್ತಿದ್ದರು. ಕೈ ತೊಳೆದು ಬಂದು ಕುಳಿತರು. ಅಳಿಯ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ, ಮಗಳಿಗೆ ಡ್ಯೂಟಿ ಜಾಸ್ತಿಯಂತೆ, ಬಿಸುವಿಗೆ ಪಾರ್ಸೆಲ್ ಕಳುಹಿಸಿದ್ದಾಳೆ ಎಂದರು. ನಿನ್ನ ಬಗ್ಗೆ ಅವರಿಗೆ ಯಾವ ಚಿಂತೆಯೂ ಇಲ್ಲ. ನನಗೆ ಉಂಟು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಫೆಬ್ರವರಿಯಲ್ಲಿ ಡಬ್ಲಿನ್‌ನ ಒಂದು ಮಾರಾಟ ಕಂಪೆನಿಯವರು ನನಗೆ ಬರೆದಿದ್ದರು. ವೆಬ್‌ಸೈಟಿನ ಹೆಸರನ್ನು ನಮಗೆ ಕೊಡಿ, ಪುಸ್ತಕಗಳನ್ನು ನಾವೇ ಯಂತ್ರದಲ್ಲಿ ಮಾಡಿಸುತ್ತೇವೆ, ನಿಮ್ಮ ಮಾದರಿ ಸಾಕು ಎಂದು. ನಾನು ಆಗುವುದಿಲ್ಲ ಎಂದು ಬರೆದೆ. ನಿನಗೆ ತಿಳಿಸಲಿಲ್ಲ, ನೀನು ಒಪ್ಪಿಬಿಡಬಹುದು ಎಂಬ ಅಂಜಿಕೆಯಿಂದ. ಈಗ ನಿನ್ನ ಮೌನ ನೋಡಿದರೆ ಅವರು ನಿನ್ನ ಬಳಿಗೂ ಬಂದಿದ್ದಾರೆ, ನೀನು ಒಪ್ಪಿಯೂ ಆಗಿದೆ ಎಂದು ನನಗೆ ಕಾಣುತ್ತದೆ. ಹೆಸರು ಬಿದ್ದುಹೋಗಲಿ ಎಂದು ಕಾಯುತ್ತಿದ್ದೀಯ. ಬಿದ್ದದ್ದನ್ನು ಅವರು ಎತ್ತಿಕೊಳ್ಳುತ್ತಾರೆ.

ಹೌದಾದರೆ ಹೌದು ಎಂದು ಬರೆ. ಆರು ಹೆಂಗಸರಿಗೆ ನಾನು ಹೇಳಬೇಕಾಗುತ್ತದೆ.

ವಾಗ್ದೇವಿ


29 ಏಪ್ರಿಲ್ 2025

ಟೀಚರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನು ಅಂಥವಳು ಎಂದು ನಿಮಗೆ ಅನ್ನಿಸಿತಲ್ಲ ಎಂದು ಬೇಸರವಾಯಿತು. ಡಬ್ಲಿನ್‌ನ ಯಾರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ನಾನೂ ನಿಮ್ಮ ಉತ್ತರವನ್ನೇ ಕೊಡುತ್ತಿದ್ದೆ.

ಇದರೊಂದಿಗೆ ಒಂದು ವಿದ್ಯುತ್ ಬಿಲ್ ಇಟ್ಟಿದ್ದೇನೆ. ನನ್ನ ಹೆಸರು, ಡಂಡಾಕ್‌ನ ಮನೆಯ ವಿಳಾಸ ಎರಡೂ ಇವೆ. ಅದು 2023ರದ್ದು. ತಾರೀಕನ್ನು ಸ್ವಲ್ಪ ಬದಲಾಯಿಸಲು ಶಮೀರ್‌ಗೆ ಹೇಳಿ, ಅವನಿಗೆ ಅದೆಲ್ಲ ಬರುತ್ತದೆ. ಅಲ್ಲಿ ಕುಳಿತವರು ಅಷ್ಟು ನೋಡುವುದಿಲ್ಲ. ಇದರಲ್ಲಿ ಯಾರಿಗೂ ನಷ್ಟವಿಲ್ಲ, ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ.

ಲೋಕನಾಥರ ಹೆಸರಿಗೆ ಮಾಡುವುದು ಬೇಡ. ದಯವಿಟ್ಟು ಅದನ್ನು ಇನ್ನೊಮ್ಮೆ ಹೇಳಬೇಡಿ.

ಶಶಿಪ್ರಭಾ


ಬೆಳ್ತಂಗಡಿ
2 ಮೇ 2025

ಪ್ರೀತಿಯ ಶಶಿ,

ಮೊದಲು ನನ್ನ ತಪ್ಪು. ಡಬ್ಲಿನ್‌ನವರ ಮಾತನ್ನು ನಿನ್ನ ಮೇಲೆ ಹೊರಿಸಿದ್ದು ತಪ್ಪು. ಕ್ಷಮಿಸು.

ಆದರೆ ಆ ಬಿಲ್ ಕಳುಹಿಸುವುದಿಲ್ಲ. ಶಮೀರ್ ನೋಡಿ, "ಮಾಡ್ಲಿಕ್ಕೆ ಹತ್ತು ನಿಮಿಷ ಸಾಕು ಟೀಚರ್, ಆದ್ರೆ ನಾನು ಮಾಡುದಿಲ್ಲ" ಎಂದ. ನಾನೂ ಅವನಿಗೆ ಹೇಳುವವಳಿದ್ದೆ, ಅವನೇ ಮೊದಲು ಹೇಳಿದ. ಸುಳ್ಳು ಕಾಗದದಿಂದ ಈ ವರ್ಷ ದಾಟಿದರೆ ಬರುವ ವರ್ಷ ಇನ್ನೊಂದು ಸುಳ್ಳು ಬೇಕು. ಯಾವುದೋ ದಿನ ಒಬ್ಬರು ಕೇಳಿದರೆ ಹೆಸರೂ ಹೋಗುತ್ತದೆ, ಹೆಸರಿನ ಮೇಲಿದ್ದ ಮರ್ಯಾದೆಯೂ ಹೋಗುತ್ತದೆ.

ಈಗ ನಾನು ಹೋದ ಪತ್ರದಲ್ಲಿ ಹೇಳದೆ ಬಿಟ್ಟದ್ದು. ನಿನ್ನ ಪಾರ್ಸೆಲಿನ ಡಬ್ಬವನ್ನು ಲೋಲಾಕ್ಷಿಯಕ್ಕ ಕ್ಯಾಂಟೀನಿನಲ್ಲಿ ಚಮಚ ಹಾಕಿಡಲು ಇಟ್ಟುಕೊಂಡಿದ್ದಾರೆ. ಅದರ ಮೇಲೆ ಕಳುಹಿಸಿದವರ ವಿಳಾಸ ನಿನ್ನದೇ ಅಕ್ಷರದಲ್ಲಿತ್ತು. ಡಂಡಾಕ್ ಅಲ್ಲ, ನ್ಯೂರಿ. ನಿನ್ನ ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ. ನಾನೂ ಏನೂ ಹೇಳಲಿಲ್ಲ. ಮನೆ ಬದಲಾಯಿಸಿ ನಮ್ಮಿಂದ ಮುಚ್ಚಿಟ್ಟಿದ್ದಾಳೆ ಎಂದಷ್ಟೇ ತಿಳಿದು ಸಿಟ್ಟಿನಲ್ಲಿ ಬಸ್ಸು ಹತ್ತಿದ್ದೆ. ಈ ವಾರ ಶಮೀರ್ ನಕ್ಷೆ ತೆಗೆದು, ನ್ಯೂರಿ ಇರುವುದು ಬ್ರಿಟನ್ನಿನ ಆಡಳಿತದ ಭಾಗದಲ್ಲಿ, ಒಕ್ಕೂಟದ ಹೊರಗೆ ಎಂದು ತೋರಿಸಿದ. ಆಗ ನನಗೆ ಎಲ್ಲ ಬೇರೆ ಥರ ಕಾಣಿಸಿತು.

ನೀನು ಎಲ್ಲಿದ್ದೀ ಶಶಿ? ಒಬ್ಬಳೇ ಇದ್ದೀಯ? ವೆಬ್‌ಸೈಟಿನ ವಿಷಯ ಆಮೇಲೆ. ಮೊದಲು ಇದಕ್ಕೆ ಉತ್ತರ ಬರೆ.

ನಿನ್ನ
ವಾಗ್ದೇವಿ ಟೀಚರ್


ನ್ಯೂರಿ
6 ಮೇ 2025

ಪ್ರೀತಿಯ ಟೀಚರ್,

ಊರಿನ ಹೆಸರು ಹಾಕಿದ್ದೇನೆ.

ಕಳೆದ ನವೆಂಬರಿನಿಂದ ಇಲ್ಲಿದ್ದೇನೆ. ಹೌದು, ಒಬ್ಬಳೇ. ಡಂಡಾಕ್‌ನಿಂದ ಇಲ್ಲಿಗೆ ಮೂಡುಬಿದಿರೆಯಿಂದ ವೇಣೂರಿಗೆ ಹೋದಷ್ಟು ದೂರ. ನಡುವೆ ಗೇಟಿಲ್ಲ, ಪೊಲೀಸರಿಲ್ಲ. ರಸ್ತೆಯ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆ, ಅಷ್ಟೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಯಾವ ದೇಶದಲ್ಲಿದ್ದೇನೆಂದು ತಿಳಿಯುವುದಿಲ್ಲ. ಆದರೆ ಆ ಹೆಸರನ್ನು ಇಟ್ಟುಕೊಳ್ಳುವ ಅರ್ಹತೆ ಅಷ್ಟು ದೂರದಲ್ಲೇ ಹೋಯಿತು. ನನಗೆ ಅದು ಡಿಸೆಂಬರಿನಲ್ಲೇ ಗೊತ್ತಿತ್ತು ಟೀಚರ್. ಐರ್ಲೆಂಡಿನ ಪೌರತ್ವ ತೆಗೆದುಕೊಂಡಿದ್ದರೆ ಎಲ್ಲಿದ್ದರೂ ನಡೆಯುತ್ತಿತ್ತು, ಆದರೆ ನಮ್ಮ ಪಾಸ್‌ಪೋರ್ಟ್ ಬಿಡಲು ನನಗೆ ಮನಸ್ಸಾಗಿರಲಿಲ್ಲ.

ನಡೆದದ್ದು ಇಷ್ಟು. ಇಲ್ಲಿಯ ಆಸ್ಪತ್ರೆಯವರು ಕಣ್ಣಿನ ವಿಭಾಗದ ಮೇಲ್ವಿಚಾರಕಿಯ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಕರೆದದ್ದೇ ನನಗೆ ಗೊತ್ತಿರಲಿಲ್ಲ. ನಮ್ಮಿಬ್ಬರಿಗೂ ಒಂದೇ ಇಮೇಲ್ ಖಾತೆ ಇತ್ತು, ಲೋಕನಾಥರು ತೆರೆದದ್ದು. ಮನೆಯ ಕಾರಣಗಳಿಂದ ಬರಲಾಗುವುದಿಲ್ಲ ಎಂದು ಅವರು ನನ್ನ ಹೆಸರಿನಲ್ಲಿ ಉತ್ತರ ಬರೆದುಬಿಟ್ಟಿದ್ದರು. ಕೆಳಗೆ ನನ್ನ ಸಹಿ. ಎರಡು ತಿಂಗಳ ನಂತರ ಬೇರೇನೋ ಹುಡುಕುವಾಗ ಕಣ್ಣಿಗೆ ಬಿತ್ತು. ಕೇಳಿದೆ. "ನಿನಗೆ ಓಡಾಟ ಕಷ್ಟ ಆಗ್ಬಾರ್ದು ಅಂತ ನಾನೇ ಬರೆದೆ, ಅದರಲ್ಲಿ ಏನುಂಟು" ಎಂದರು. ಅವರಿಗೆ ನಿಜವಾಗಿ ಅದರಲ್ಲಿ ಏನೂ ಕಾಣಲಿಲ್ಲ.

ಅವರು ಕೆಟ್ಟವರಲ್ಲ. ಕೂಗಾಡಿದವರಲ್ಲ, ಕೈ ಎತ್ತಿದವರಲ್ಲ. ಆದರೆ ಒಂಬತ್ತು ವರ್ಷದಲ್ಲಿ ನನ್ನ ಹೆಸರಿನಲ್ಲಿ ಏನೇನು ಬರೆದಿರಬಹುದು ಎಂದು ಯೋಚಿಸಲು ಹೊರಟವಳಿಗೆ ನಿಲ್ಲಿಸಲಾಗಲಿಲ್ಲ. ಮರುದಿನ ಆಸ್ಪತ್ರೆಗೆ ಫೋನ್ ಮಾಡಿದೆ. ಜಾಗ ಇನ್ನೂ ಖಾಲಿ ಇತ್ತು. ವೀಸಾ ಅವರೇ ಮಾಡಿಸಿದರು. ಎರಡು ಪೆಟ್ಟಿಗೆ ಹಿಡಿದು ಬಂದೆ.

ಅಮ್ಮನಿಗೆ ಹೇಳಬೇಡಿ ಎಂದು ಲೋಕನಾಥರನ್ನು ಕೇಳಿಕೊಂಡದ್ದು ನಾನೇ. ಅದಕ್ಕೇ ಭಾನುವಾರದ ಫೋನು. ಕ್ಯಾಂಟೀನಿಗೆ ಬಂದವರೆಲ್ಲ ಮಗಳು ಅಳಿಯ ಹೇಗಿದ್ದಾರೆ ಎಂದು ಕೇಳುತ್ತಾರೆ, ಅಮ್ಮ ಏನು ಹೇಳಬೇಕು?

ನೀವು 'ಗಂಡನ ಹೆಸರಿಗೆ ಮಾಡು, ಮನೆಯೊಳಗೇ ತಾನೆ' ಎಂದು ಬರೆದಾಗ ಅಷ್ಟು ದಿನ ಯಾಕೆ ಉತ್ತರ ಬರೆಯಲಿಲ್ಲ ಎಂದು ಈಗ ತಿಳಿದಿರಬಹುದು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಕೆಲಸ ನನಗೆ ಹಿಡಿಸಿದೆ. ಇಪ್ಪತ್ತು ಜನ ನನ್ನ ಮಾತು ಕೇಳುತ್ತಾರೆ. ಹಿಂದಕ್ಕೆ ಹೋಗುವುದಿಲ್ಲ.

ನಿಮ್ಮ
ಶಶಿ


ಮುಂಡಾಜೆ
10 ಮೇ 2025

ಪ್ರೀತಿಯ ಶಶಿ,

ಇಂದು ಹೊಲಿಗೆಗೆ ರಜೆ, ಮನೆಯಿಂದಲೇ ಬರೆಯುತ್ತಿದ್ದೇನೆ.

ಹಿಂದಕ್ಕೆ ಹೋಗು ಎಂದು ನಾನು ಹೇಳುವುದಿಲ್ಲ. ಹೇಳುತ್ತೇನೆಂದು ಹೆದರಿದ್ದರೆ ಆ ಹೆದರಿಕೆ ಬಿಡು. ನನ್ನ ಸಹಿಯನ್ನು ಇನ್ನೊಬ್ಬರು ಹಾಕಿದ್ದರೆ ನಾನು ಎರಡು ಪೆಟ್ಟಿಗೆ ತುಂಬುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ. 'ಮನೆಯೊಳಗೇ ತಾನೆ' ಎಂದು ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅರುವತ್ತೇಳು ವರ್ಷಕ್ಕೂ ಕೆಲವು ಮಾತು ಹಾಗೆಯೇ ಬಾಯಿಗೆ ಬರುತ್ತವೆ.

ನಿನ್ನ ಅಮ್ಮನಿಗೆ ಯಾವಾಗ ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು. ಆದರೆ ಬನ್ಸ್ ಕರಿಯುತ್ತ ನಲವತ್ತು ಜನರ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳುವ ಹೆಂಗಸು ಅವರು. ನೀನು ಎಣಿಸಿದಷ್ಟು ಮೆದು ಅಲ್ಲ.

ಈಗ ಹೆಸರಿನ ವಿಷಯ. ಹೆಸರು ಅರ್ಹರಾದ ಇನ್ನೊಬ್ಬರಿಗೆ ಹೋಗಬೇಕು. ಆದರೆ ಬರೀ ಹೆಸರು ಎರವಲು ಕೊಡುವವರು ನನಗೆ ಬೇಡ, ಅದೂ ಆ ಬಿಲ್ಲಿನ ಜಾತಿಯದ್ದೇ. ನಮ್ಮ ಕೆಲಸ ತನ್ನದು ಎಂದು ತಿಳಿದವರಾಗಿರಬೇಕು. ನನಗೆ ಒಬ್ಬರೇ ಕಾಣುತ್ತಾರೆ, ನಾನು ಅವರ ಮುಖ ನೋಡಿದವಳಲ್ಲ. ಮೊದಲ ಪುಸ್ತಕ ಓದಿದವರು. ಬ್ರಿಜಿಡ್ ಅವರನ್ನು ಕೇಳುವ.

ನಿನ್ನ
ವಾಗ್ದೇವಿ ಟೀಚರ್


ನ್ಯೂರಿ
19 ಮೇ 2025

ಪ್ರೀತಿಯ ಟೀಚರ್,

ಡಂಡಾಕ್‌ನಲ್ಲಿರುವ ಬ್ರಿಜಿಡ್ ಅವರ ಮನೆಗೆ ನಿನ್ನೆ ಹೋಗಿದ್ದೆ. ಹೋಗಲು ಎಂಟು ದಿನ ತೆಗೆದುಕೊಂಡೆ ಎಂದು ಬೈಯಬೇಡಿ. ನವೆಂಬರಿನಲ್ಲಿ ಅವರಿಗೆ ಹೇಳದೆಯೇ ಊರು ಬಿಟ್ಟಿದ್ದೆ. ಏಳು ವರ್ಷ ಪ್ರತಿ ಗುರುವಾರ ಅವರೊಟ್ಟಿಗೆ ಕುಳಿತು ಓದಿಸಿದವಳು.

ಬಾಗಿಲು ತೆರೆದವರು ನಾನು ಮಾತಾಡುವ ಮೊದಲೇ, "ಶಶಿ, ಶೂ ಬದಲಾಯಿಸಿದ್ದೀಯ" ಎಂದರು. ಚಾ ಮಾಡಿದರು. ಎಲ್ಲ ಹೇಳಿದೆ. ಅವರು ಅಂಚೆ ಕಚೇರಿಯಲ್ಲಿ ನಲವತ್ತು ವರ್ಷ ಪತ್ರ ವಿಂಗಡಿಸಿದವರು. ಗಡಿಯ ಆಚೆಗೆ ಹೋದ ಪತ್ರಗಳ ಕಥೆ ಅವರಲ್ಲಿ ಎಷ್ಟೋ ಉಂಟು, ಅದರಲ್ಲಿ ಎರಡು ಹೇಳಿದ ಮೇಲೆಯೇ ನನ್ನ ವಿಷಯಕ್ಕೆ ಬಂದರು.

ಹೆಸರನ್ನು ತಮ್ಮದಾಗಿ ಮಾಡಿಕೊಳ್ಳಲು ಒಪ್ಪಿದ್ದಾರೆ. ಆದರೆ ಷರತ್ತಿನ ಮೇಲೆ. "ನನ್ನ ಹೆಸರು ಬೇಕಾದರೆ ನಾನೂ ಬರುತ್ತೇನೆ. ಓದುಗರ ಪತ್ರ ಮೊದಲು ನನಗೆ ಬರಬೇಕು. ಹೊಸ ಪುಸ್ತಕ ನನ್ನ ಬೆರಳು ದಾಟದೆ ಹೊರಗೆ ಹೋಗಬಾರದು" ಎಂದರು. ಏಡಿಯ ಪುಟ ಚೆನ್ನಾಗಿದೆಯಂತೆ, ಬಸ್ಸಿನ ಪುಟ ಚೆನ್ನಾಗಿಲ್ಲವಂತೆ. ಚಕ್ರ ಎಲ್ಲಿ, ಕಿಟಕಿ ಎಲ್ಲಿ ಎಂದು ಎಂಟು ವರ್ಷದಿಂದ ಅವರಿಗೆ ಗೊತ್ತಾಗಿಲ್ಲ. ನನಗೆ ಬೇಸರವಾಗಬಾರದೆಂದು ಹೇಳಿರಲಿಲ್ಲ. ಈಗ ಪಾಲುದಾರಳಾಗಿ ಹೇಳುತ್ತೇನೆ ಎಂದರು.

ಇನ್ನು ಒಂದೇ ತೊಡಕು. ಹೆಸರು ವರ್ಗಾಯಿಸಲು ಈಗ ಅದು ಯಾರ ಹೆಸರಿನಲ್ಲಿದೆಯೋ ಆ ನಾನು ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆಯ ಪತ್ರ ಬರುವುದು ನೋಂದಾಯಿಸಿದ ಹಳೆಯ ಇಮೇಲಿಗೆ. ಅದು ನಮ್ಮಿಬ್ಬರ ಆ ಖಾತೆಯೇ. ಬಿಟ್ಟು ಬರುವಾಗ ನಾನು ಅದರ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದು ಗುಪ್ತಪದವನ್ನೂ ಬಿಟ್ಟು ಬಂದಿದ್ದೆ. ನಿನ್ನೆ ಒತ್ತಿ ನೋಡಿದೆ, ಲೋಕನಾಥರು ಆಮೇಲೆ ಅದನ್ನು ಬದಲಾಯಿಸಿದ್ದಾರೆ.

ಈ ವಾರ ಕೇಳುತ್ತೇನೆ. ಇನ್ನೂ ಕೇಳಿಲ್ಲ.

ನಿಮ್ಮ
ಶಶಿ


ಬೆಳ್ತಂಗಡಿ
23 ಮೇ 2025

ಪ್ರೀತಿಯ ಶಶಿ,

ನಿನ್ನೆ ಬೆಳಗ್ಗೆ ವೆಬ್‌ಸೈಟ್ ನಿಂತಿತು. ಅಮಾನತು. ಶಮೀರ್ ಬಿ.ಸಿ. ರೋಡಿನಿಂದ ಬೈಕಿನಲ್ಲೇ ಬಂದ, ಫೋನಿನಲ್ಲಿ ಹೇಳುವ ಸುದ್ದಿ ಅಲ್ಲ ಎಂದು. ಸಂಜೆ ಆರು ಗಂಟೆಗೆ ಪೋರ್ಚುಗಲ್ಲಿನ ಶಾಲೆಯಿಂದ ಪತ್ರ. ಮಕ್ಕಳು ವಿಳಾಸ ಸರಿಯಾಗಿಯೇ ಓದುತ್ತಿದ್ದಾರೆ, ಏನೂ ಕೇಳಿಸುತ್ತಿಲ್ಲ, ತನ್ನ ಬೆರಳೇ ತಪ್ಪಿರಬೇಕೆಂದು ಒಬ್ಬಳು ಹುಡುಗಿ ಮತ್ತೆ ಮತ್ತೆ ಓದುತ್ತಿದ್ದಾಳೆ ಎಂದು ಅಲ್ಲಿಯ ಟೀಚರು ಬರೆದಿದ್ದರು. ತಪ್ಪು ನಮ್ಮದು, ಅವಳ ಬೆರಳಿನದಲ್ಲ, ಕೂಡಲೇ ಅವಳಿಗೆ ಹೇಳಿ ಎಂದು ಉತ್ತರಿಸಿದೆ.

ಇಂದು ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರಿಗೂ ವಿಷಯ ತಿಳಿಸಿದೆ, ನಿನ್ನ ಮನೆಯ ಮಾತು ಬಿಟ್ಟು. ಈಗ ಹೊಲಿಯುತ್ತಿರುವ ನಲವತ್ತು ಪುಸ್ತಕಗಳ ಕೊನೆಯ ಪುಟ ಖಾಲಿ ಬಿಡುವುದಾ ಎಂಬ ಪ್ರಶ್ನೆ ಬಂತು. ಮೈಮೂನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಹೊಲಿಯಿರಿ" ಎಂದೆ. "ಹೆಸರು ಬಾರದಿದ್ರೆ ಬಿಚ್ಚಬೇಕಾಗ್ತದೆ ಟೀಚರ್, ಒಂದು ಪುಟಕ್ಕೆ ಎರಡು ಗಂಟೆ" ಎಂದರು. ಬರುತ್ತದೆ ಎಂದೆ. ಅವರು ಮಣಿಯ ಡಬ್ಬ ಹತ್ತಿರಕ್ಕೆ ಎಳೆದುಕೊಂಡರು.

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ನಿನ್ನನ್ನು ನಂಬಿ. ಒತ್ತಾಯ ಮಾಡಲು ಬರೆದದ್ದಲ್ಲ. ಲೋಕನಾಥರ ಎದುರು ನಿಲ್ಲುವುದು ನಿನಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವುದೂ ಇಲ್ಲ. ಆದರೆ ಇಪ್ಪತ್ತು ಜನರ ವಾರ್ಡು ನಡೆಸುವವಳು ಒಂದು ಗುಪ್ತಪದ ಕೇಳಬಲ್ಲಳು.

ಬಸ್ಸಿನ ಪುಟ ಬಿಚ್ಚಿ ಹೊಸದಾಗಿ ಮಾಡುತ್ತಿದ್ದೇವೆ. ಬ್ರಿಜಿಡ್ ಹೇಳಿದ್ದು ಸರಿ. ನಾನು ಬಸ್ಸನ್ನು ನೋಡುವವಳಂತೆ ಹೊಲಿದಿದ್ದೆ, ಹತ್ತುವವಳಂತೆ ಅಲ್ಲ. ಈಗ ಮೊದಲು ಕೈಗೆ ಮೆಟ್ಟಿಲು ಸಿಗುತ್ತದೆ, ಆಮೇಲೆ ಹಿಡಿಯುವ ಕಂಬಿ.

ನಿನ್ನ
ವಾಗ್ದೇವಿ ಟೀಚರ್


ನ್ಯೂರಿ
6 ಜೂನ್ 2025

ಪ್ರೀತಿಯ ಟೀಚರ್,

ಶಮೀರ್ ಹೇಳಿರಬಹುದು, ನಿನ್ನೆ ಸಂಜೆ ವೆಬ್‌ಸೈಟ್ ಮತ್ತೆ ತೆರೆಯಿತು. ಹೆಸರು ಬ್ರಿಜಿಡ್ ಅವರದ್ದಾಗಿದೆ. ಅವರ ಪಿಂಚಣಿ ಪತ್ರವನ್ನೇ ವಾಸದ ದಾಖಲೆಯಾಗಿ ಕೊಟ್ಟೆವು. ನವೀಕರಣವೂ ಅದರೊಂದಿಗೇ ಆಯಿತು. ಬರುವ ವರ್ಷದ ಜೂನ್ ಹನ್ನೆರಡರ ತನಕ ಯಾರೂ ಕೇಳುವಂತಿಲ್ಲ, ಕೇಳಿದರೂ ಸತ್ಯವನ್ನೇ ಹೇಳಬಹುದು.

ಲೋಕನಾಥರನ್ನು ನಿಮ್ಮ ಪತ್ರ ಬಂದ ಮೂರನೆಯ ದಿನ ಕಂಡೆ, ಡಂಡಾಕ್‌ನ ಮನೆಯಲ್ಲೇ. ಕೇಳುವ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಕಂಪ್ಯೂಟರ್ ತೆರೆದು, ಖಾತೆಯನ್ನು ನನ್ನ ಮುಂದೆ ಇಟ್ಟು, ತಾವು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ನೋಂದಣಿಯವರ ಪತ್ರಗಳೆಲ್ಲ ಅಲ್ಲೇ ಇದ್ದವು. ಮಾರ್ಚಿನದ್ದು, ಏಪ್ರಿಲಿನದ್ದು, ಮೇ ತಿಂಗಳದ್ದು. ಒಂದನ್ನೂ ತೆರೆದಿರಲಿಲ್ಲ. ನನಗೆ ಸಿಟ್ಟು ಬಂತು. ಒಂದು ಮಾತು ತಿಳಿಸಿದ್ದರೆ ಮಕ್ಕಳಿಗೆ ಹೀಗಾಗುತ್ತಿರಲಿಲ್ಲ ಎಂದೆ. ಅವರು ತಿರುಗದೆಯೇ ಹೇಳಿದರು, "ನಿನ್ನ ಹೆಸರಿನಲ್ಲಿ ಬಂದದ್ದನ್ನು ಆಮೇಲೆ ನಾನು ತೆರೆಯಲೇ ಇಲ್ಲ ಶಶಿ. ಬೇರೆ ಯಾರಾದ್ರೂ ತೆರೆಯುದು ಬೇಡ ಅಂತ ಗುಪ್ತಪದ ಬದಲಾಯಿಸಿದೆ."

ಏಳು ತಿಂಗಳಿಗೆ ಮೊದಲು ಅವರು ಹಾಗೆ ಇದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿತು. ನಿಮ್ಮ ಹತ್ತಿರ ಸುಳ್ಳು ಹೇಳಿ ಸಾಕಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ. ಒಪ್ಪಿಗೆ ಕೊಟ್ಟೆ, ಖಾತೆಯಿಂದ ನನ್ನದನ್ನೆಲ್ಲ ತೆಗೆದುಕೊಂಡೆ. ಚಾ ಕುಡಿದೆವು. ಮುಂದಿನ ಕಾಗದಪತ್ರಗಳನ್ನು ವಕೀಲರ ಮೂಲಕ ಶಾಂತವಾಗಿ ಮುಗಿಸುವ ಎಂದು ನಾನೇ ಹೇಳಿದೆ. ಅವರು ಆಯಿತು ಎಂದರು. ಹೊರಡುವಾಗ ಭಾನುವಾರದ ಫೋನು ಇನ್ನು ಬೇಡ, ಅಮ್ಮನಿಗೆ ನಾನೇ ಹೇಳುತ್ತೇನೆ ಎಂದೆ. ಅವರ ತಲೆಯ ಮೇಲಿಂದ ಏನೋ ಭಾರ ಇಳಿದಂತೆ ಕಂಡಿತು.

ನೋಂದಣಿಯ ಪತ್ರವನ್ನು ಬ್ರಿಜಿಡ್ ಅವರಿಗೆ ಓದಿ ಹೇಳಿದಾಗ ತಮ್ಮ ಹೆಸರನ್ನು ಎರಡು ಸಲ ಓದಿಸಿಕೊಂಡರು. ನನ್ನ ಹೆಸರು ಈಗ ಅದರಲ್ಲಿ ಎಲ್ಲಿಯೂ ಇಲ್ಲ. ಬೇಸರವಾಗುತ್ತದೆಂದು ಎಣಿಸಿದ್ದೆ, ಆಗಲಿಲ್ಲ.

ನಾಳೆ ಶನಿವಾರ, ಕ್ಯಾಂಟೀನಿನಲ್ಲಿ ಮಧ್ಯಾಹ್ನದ ನಂತರ ಜನ ಕಡಿಮೆ. ಆಗ ಅಮ್ಮನಿಗೆ ಫೋನ್ ಮಾಡುತ್ತೇನೆ.

ನಿಮ್ಮ
ಶಶಿ


ಬೆಳ್ತಂಗಡಿ
13 ಜೂನ್ 2025

ಪ್ರೀತಿಯ ಶಶಿ,

ನಿನ್ನ ಅಮ್ಮ ಇವತ್ತು ಇಲ್ಲಿಗೆ ಬಂದಿದ್ದರು.

ಹೇಳದೆ ಕೇಳದೆ, ಎರಡು ಬಸ್ಸು ಹತ್ತಿ, ಕ್ಯಾಂಟೀನನ್ನು ನಿನ್ನ ಅಣ್ಣ ಭೋಜನಿಗೆ ವಹಿಸಿ. ಮಳೆಗೆ ಸೀರೆಯ ಅಂಚು ಒದ್ದೆಯಾಗಿತ್ತು. ಮೆಟ್ಟಿಲು ಹತ್ತಿ ಬಂದವರನ್ನು ಮೈಮೂನಮ್ಮ ಗಿರಾಕಿ ಎಂದುಕೊಂಡು ಕೂರಿಸಿದರು. ನಾನು ಕೆಳಗಿನ ಅಂಗಡಿಯಿಂದ ಬರುವಾಗ ಇಬ್ಬರೂ ಬನ್ಸ್‌ಗೆ ಎಷ್ಟು ಬಾಳೆಹಣ್ಣು ಹಾಕಬೇಕು ಎಂಬುದರಲ್ಲಿದ್ದರು.

ನನ್ನನ್ನು ಪಕ್ಕಕ್ಕೆ ಕರೆದರು. ಯಾಕೆ ಮೊದಲೇ ಹೇಳಲಿಲ್ಲ ಎಂದು ಬೈಯುತ್ತಾರೆಂದು ನಾನು ತಯಾರಾಗಿದ್ದೆ. "ಗಂಡನ ಮನೆ ಬಿಟ್ಟದ್ದಕ್ಕೆ ನನಗೆ ಬೇಜಾರಿಲ್ಲ ಟೀಚರ್" ಎಂದರು. "ಏಳು ತಿಂಗಳು ಒಬ್ಬಳೇ ಅದನ್ನು ಹೊತ್ತುಕೊಂಡಿದ್ದಳಲ್ಲ, ಅದಕ್ಕೆ ಬೇಜಾರು. ಯಾರಾದ್ರೂ ಕೇಳಿದ್ರೆ ಹೇಳ್ಲಿಕ್ಕೆ ನನಗೆ ಬಾಯಿ ಉಂಟು." ಸೊಂಟದ ನೋವಿದ್ದರೂ ಇಷ್ಟು ದೂರ ಬಂದದ್ದು ಅಳುವುದಕ್ಕಲ್ಲ, ಮಗಳು ಏನು ಕೆಲಸ ಮಾಡಿದ್ದಾಳೆ ಎಂದು ನೋಡಲು ಎಂದರು.

ಪುಸ್ತಕ ಕೊಟ್ಟೆ. ಪ್ರತಿ ಪುಟವನ್ನೂ ಸವರಿದರು. ಹಲಸಿನಕಾಯಿಯ ಮುಳ್ಳಿಗೆ ತಲೆಯಾಡಿಸಿದರು, ಹೊಸ ಬಸ್ಸಿನ ಮೆಟ್ಟಿಲಿನ ಮೇಲೆ ಬೆರಳಿಟ್ಟು ಕಂಬಿಯ ತನಕ ಹತ್ತಿಸಿದರು. ಕೊನೆಯ ಪುಟದ ಮಣಿಗಳು ಏನೆಂದು ಕೇಳಿದರು. ಶಮೀರ್ ಕೆಲಸದ ಮೇಲೆ ಬಂದವನು ಇಲ್ಲೇ ಇದ್ದ. ತನ್ನ ಫೋನಿನಲ್ಲಿ ಆ ವಿಳಾಸವನ್ನು ಒತ್ತಿದ.

ನಿನ್ನ ಸ್ವರ ಬಂತು. ಎಲ್ಲ ಇಂಗ್ಲಿಷಿನಲ್ಲೇ, ಅವರಿಗೆ ಒಂದು ಪದವೂ ಅರ್ಥವಾಗುವಂಥದ್ದಲ್ಲ. ಇಷ್ಟು ವರ್ಷ ಪರದೇಶದ ಮಕ್ಕಳಿಗೆಲ್ಲ ನೀನು ಓದಿ ಹೇಳುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ, ಯಾರೂ ಕೇಳಿಸಿರಲಿಲ್ಲ. ಕೈಯನ್ನು ಪುಸ್ತಕದ ಮೇಲಿಂದ ತೆಗೆಯದೆ ಹನ್ನೆರಡು ಪುಟವನ್ನೂ ಕೇಳಿದರು. ಹೊಲಿಗೆಯ ಯಂತ್ರಗಳು ತಾವಾಗಿ ನಿಂತವು.

ಮುಗಿದ ಮೇಲೆ ಶಮೀರನ ಕಡೆ ತಿರುಗಿ, "ಇನ್ನೊಂದು ಸಲ ಹಾಕು ಮಗ" ಎಂದರು.

ನಿನ್ನ
ವಾಗ್ದೇವಿ ಟೀಚರ್